ಹದಿನಾಲ್ಕನೇ ಪ್ರಶ್ನೆ

ಚೀಲದಲ್ಲಿ ನೂರಿಪ್ಪತ್ತು ಪ್ರಶ್ನಾವಳಿ,
ಜೆರಾಕ್ಸಿನ ಬಿಸಿ ಇನ್ನೂ ಆರಿಲ್ಲ.
ಸಾಲು ಸಾಲಿಗೂ ಐದೈದು ಚೌಕ:
ಪೂರ್ತಿ ಒಪ್ಪುತ್ತೇನೆ, ಒಪ್ಪುತ್ತೇನೆ, ತಟಸ್ಥ,
ಒಪ್ಪುವುದಿಲ್ಲ, ಸುತರಾಂ ಒಪ್ಪುವುದಿಲ್ಲ.
ಗೈಡು ಹೇಳಿ ಕಳಿಸಿದ್ದಾರೆ: ನೀನು ಮಾತಾಡಬೇಡ,
ಚಹಾ ಕೊಟ್ಟರೆ ಕುಡಿಯಬೇಡ,
ಟಿಕ್ಕು ಮಾತಾಡಲಿ.

ತೋಳಹುಣಸೆಯಿಂದ ಬಂದ ಬಸ್ಸಿಳಿದು ನಡೆದರೆ ಮಂಡಕ್ಕಿ ಭಟ್ಟಿ.
ಕಾದ ಮರಳಿಗೆ ಅಕ್ಕಿ ಬಿದ್ದದ್ದೇ ತಡ
ಚಟಪಟ ಹಿಗ್ಗಿ ತನ್ನ ಅಳತೆ ಮರೆಯುತ್ತದೆ.
ಇದೊಂದು ರೂಪಕವೆಂದು ಟಿಪ್ಪಣಿ ಮಾಡಿಕೊಂಡೆ,
ಎರಡು ಓಣಿ ದಾಟುವಷ್ಟರಲ್ಲಿ
ನಾಚಿಕೆಯಾಗಿ ಹೊಡೆದುಹಾಕಿದೆ.

ಅಧ್ಯಯನದ ವಸ್ತು ಇಲ್ಲಿಯವಳೇ: ಜಬೀನಾ,
ಇಪ್ಪತ್ಮೂರು ವರ್ಷ, ಎಂಬತ್ತೊಂದು ಸಾವಿರ ಫಾಲೋವರ್ಸು.
ಅಪ್ಪನ ಭಟ್ಟಿಯ ಮಸಿಯನ್ನೇ ಕೆನ್ನೆಗೆ ಸವರಿಕೊಂಡು
ಫೋನಿನ ಮುಂದೆ ತೊಳೆದು ತೋರಿಸುತ್ತಾಳೆ
ಯಾವ್ಯಾವುದೋ ಕಂಪನಿಯ ಸೋಪಿನಿಂದ.
ಮೊದಲ ಮಾತು ಯಾವಾಗಲೂ ಒಂದೇ:
"ಎಲ್ಲಾರೂ ಉಂಡ್ರಾ?"

ಕಾಲೇಜಿನ ಹುಡುಗನೊಬ್ಬ ಓದದೆಯೇ
ತಟಸ್ಥದ ಮೇಲೆ ಮೇಲಿಂದ ಕೆಳಕ್ಕೆ ಒಂದೇ ಗೆರೆ ಎಳೆದ,
ಜಾರುಬಂಡೆಯ ಹಾಗೆ.
ಅಶೋಕ ರಸ್ತೆಯ ಮೊಬೈಲು ಅಂಗಡಿಯವನು
ಇದಕ್ಕೇನು ಗಿಫ್ಟು ಕೊಡ್ತೀರಿ ಎಂದ.
ಒಬ್ಬಾಕೆ ಗಂಡನ ಮುಖ ನೋಡಿ ಸುತರಾಂ ಒಪ್ಪಲಿಲ್ಲ,
ಅವನು ಎದ್ದುಹೋದ ಮೇಲೆ ರಬ್ಬರು ಕೇಳಿದಳು.

ನಲವತ್ತೇಳನೆಯ ಉತ್ತರದಾತೆ.
ಹೆಸರು ಬರೆಯಕೂಡದು, ನಿಯಮ.
ಆದರೆ ನನ್ನ ಹೈಸ್ಕೂಲಿನ ಲಂಗ ಹೊಲಿದ ಕೈ ಅದು,
ಇಬ್ಬರೂ ಗುರುತಿಲ್ಲದವರಂತೆ ಕೂತೆವು.
ದುಡ್ಡು ತಗೊಂಡೇ ಹೇಳುತ್ತಾಳೆಂದು ಗೊತ್ತೇ?
"ಗೊತ್ತಿಲ್ದೇ ಏನು, ಕೆಳಗೆ ಸಣ್ಣಕ್ಷರದಾಗೆ ಬರ್ದಿರ್ತಾರಲ್ಲ.
ನಮ್ಮ ಓಣಿ ಹುಡುಗಿಗೆ ನಾಕು ಕಾಸು ಬರ್ಲಿ ಅಂತ್ಲೇ
ಎರಡು ಸೋಪು ತಗಂಡೆ."
ನನ್ನ ಎರಡನೇ ಅಧ್ಯಾಯ,
ಬಚ್ಚಿಟ್ಟದ್ದು ಬಯಲಾದರೆ ನಂಬಿಕೆ ಕುಸಿಯುತ್ತದೆ ಎಂಬ ಮೂವತ್ತು ಪುಟ,
ಚೀಲದೊಳಗೇ ಕೆಮ್ಮಿತು.

ಹದಿನಾಲ್ಕು: ಅವಳ ಮಾತನ್ನು ನಾನು ನಂಬುತ್ತೇನೆ.
"ಸೋಪನ್ನೇನು ನಂಬೋದು, ನೊರೆ ಬರ್ತೈತೆ, ಹೋಗ್ತೈತೆ."
ಮತ್ತೆ ಅವಳನ್ನು?
ಮಿಷನ್ನಿನ ಚಕ್ರಕ್ಕೆ ಅಂಗೈ ಅಡ್ಡವಿಟ್ಟು ನಿಲ್ಲಿಸಿದಳು.
"ಮನೇಲಿ ಏಳು ಜನ ಅದೀವಿ.
ಬಡಿಸ್ದೋಳನ್ನ ಉಂಡ್ಯಾ ಅಂತ ಯಾರು ಕೇಳ್ತಾರೆ?"
ಪೆನ್ಸಿಲ್ಲು ಕೊಟ್ಟೆ. ಐದೂ ಚೌಕ ನೋಡಿ ವಾಪಸು ಕೊಟ್ಟಳು.
ನನ್ನ ಚೀಲದ ಕಿತ್ತುಹೋದ ಪಟ್ಟಿ ಎಳೆದುಕೊಂಡು
ಎರಡೆರಡು ಸಲ ಹೊಲಿಗೆ ಓಡಿಸಿದಳು. ದುಡ್ಡು ಬೇಡವೆಂದಳು.

ಸೋದರಮಾವ ಕರಿಬಸಪ್ಪ ಮೂವತ್ತು ವರ್ಷ
ಆಟೋಕ್ಕೆ ಮೈಕು ಕಟ್ಟಿ ನಾಟಕ ಕಂಪನಿಗೆ ಕೂಗಿದವನು.
"ಕಟ್ಟಕಡೆಯ ಎರಡೇ ದಿನ" ಅಂದದ್ದು ಮೂರು ತಿಂಗಳು ನಡೆಯಿತು.
ಊರಿಗೆಲ್ಲ ಗೊತ್ತು. ಊರೆಲ್ಲ ಬಂತು.
ಅದು ಹೇಗೆ ಮಾವ, ಎಂದರೆ ಸಿದ್ಧಾಂತ ಹೇಳಲಿಲ್ಲ:
"ತಿರುವಿನಾಗೆ ಆಟೋ ನಿಧಾನ ಮಾಡ್ಬೇಕವ್ವ.
ಹೆಣ್ಮಕ್ಕಳ ಕೈ ಒದ್ದೆ ಇರ್ತಾವೆ,
ಒರೆಸ್ಕೊಂಡು ಬಾಗಿಲಿಗೆ ಬರೋಕೆ ಹೊತ್ತು ಹಿಡೀತೈತೆ."
ಉಲ್ಲೇಖಪಟ್ಟಿಯಲ್ಲಿ ಇದನ್ನು ಎಲ್ಲಿ ಸೇರಿಸಲಿ?

ಜಬೀನಾ ನನ್ನನ್ನೇ ಕೇಳಿದಳು:
ನೀವು ಬರೆದದ್ದು ಎಷ್ಟು ಜನ ಓದ್ತಾರಕ್ಕ?
ಗೈಡು, ಪರೀಕ್ಷಕರಿಬ್ಬರು. ಮೂರು.
ಅವಳು ನಗಲಿಲ್ಲ. ರಿಂಗ್‌ಲೈಟು ಆರಿಸಿ
ಚಹಾ ಸೋಸಿದಳು. ಕುಡಿದೆ.

ರಾತ್ರಿ ಹಾಸ್ಟೆಲಿನಲ್ಲಿ, ಬರೀ ದತ್ತಾಂಶಕ್ಕೆಂದು,
ಅವಳ ವಿಡಿಯೋ ತೆರೆದೆ.
ಎಂಬತ್ತೊಂದು ಸಾವಿರ ಜನಕ್ಕೆ ಕೇಳಿದ್ದು ಅದು.
"ಇಲ್ಲ, ಇನ್ನೂ" ಅಂತ ನನ್ನ ಬಾಯಿ.

ನಲವತ್ತೇಳರ ಹದಿನಾಲ್ಕು ಖಾಲಿ.
ಹಾಗೇ ಬಿಟ್ಟರೆ ಲೆಕ್ಕ ಕೆಡುತ್ತದೆ,
ತೊಂಬತ್ತೊಂಬತ್ತು ಎಂದು ತುಂಬು ಎನ್ನುತ್ತದೆ ಸಾಫ್ಟ್‌ವೇರು.
ತುಂಬಿದೆ.
ಬೆಳಿಗ್ಗೆ ಚೀಲ ಹೆಗಲಿಗೆ. ಹೊಲಿಗೆ ಗಟ್ಟಿಯಿದೆ.
ಇನ್ನೂ ಎಪ್ಪತ್ಮೂರು ಮನೆ.